ಪೆಟ್ಟಿಗೆಯಾದರೆ ಕಾಯುತ್ತಾರೆ

ಬಸ್ ನಿಲ್ದಾಣದ ಮಹಡಿ ಕೋಣೆ
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಪೆಟ್ಟಿಗೆಯಾದರೆ ಕಾಯುತ್ತಾರೆ ಎಂದು ನೀನು ಅಂದದ್ದು ಯಾವಾಗ, ಆ ಮಾತಿನ ಉಳಿದ ಅರ್ಧ ಏನು ಎಂದು ಭಾನುವಾರದಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ. ನೀನು ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಪಟ್ಟಿ ಬಿಚ್ಚುತ್ತಿದ್ದೆ, ಅಷ್ಟು ಗೊತ್ತು. ಮುಂದಿನ ಮಾತು ಬೀದಿಯ ಸದ್ದಿನಲ್ಲಿ ಹೋಯಿತೋ, ನೀನೇ ನುಂಗಿಕೊಂಡೆಯೋ ತಿಳಿಯದು. ಇರಲಿ, ಮೊದಲು ಕೇಳಬೇಕಾದ್ದನ್ನು ಕೇಳುತ್ತೇನೆ. ನಿನ್ನ ಬಲಭುಜದ ನೋವು ಹೇಗಿದೆ? ದಿನವಿಡೀ ಕನ್ನಡಕದ ಗಾಜು ಉಜ್ಜುವ ಕೈಗೆ ಆಗಾಗ ಬಿಡುವು ಕೊಡು ಎಂದು ಬರೆದರೆ ನೀನು ನಗುತ್ತೀ, ಆದರೂ ಬರೆಯುತ್ತೇನೆ. ಅಂಗಡಿಯವರು ಹೊಸ ಯಂತ್ರ ತರಿಸಿದರೋ, ಅದೂ ಬರೀ ಬಾಯಿಮಾತೋ? ಕುಂಟು ಬೆಕ್ಕು ಈಗಲೂ ನಿನ್ನ ಕಿಟಕಿಯಲ್ಲೇ ಮಲಗುತ್ತದೆಯೇ? ಇಲ್ಲಿ ಎಲ್ಲ ಕ್ಷೇಮ. ನನ್ನವಳಿಗೆ ಕೆಮ್ಮು ಹೋಗಿದೆ, ಗೊಣಗಾಟ ಉಳಿದಿದೆ. ನಾನು ಎಂದಿನಂತೆ ನಿಲ್ದಾಣದ ಧ್ವನಿವರ್ಧಕಗಳ ಹೊಟ್ಟೆ ಬಿಚ್ಚಿ ಹೊಲಿಯುತ್ತಿದ್ದೇನೆ. ಕೆಳಗೆ ಬಸ್ಸುಗಳ ಹೊತ್ತು ಹೇಳುವ ಯಂತ್ರದ ಹೆಂಗಸು ಈಗಲೂ ಕೂಗುತ್ತಿದ್ದಾಳೆ. ಅವಳು ಎಂದೂ ತಡವರಿಸುವುದಿಲ್ಲ. ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದೂ ಇಲ್ಲ.

ಭಾನುವಾರ ಬೆಳಿಗ್ಗೆ ಎಲ್ಲಿಗೆ ಹೋಗುತ್ತೀ ಎಂದು ಕಳೆದ ಪತ್ರದಲ್ಲಿ ನೀನು ಕೇಳಿದ್ದೆ. ನಾನು ಉತ್ತರ ಬರೆಯದೆ ಚಳಿಯ ಬಗ್ಗೆ ಒಂದು ಪುಟ ಬರೆದೆ. ಗಾಜಿನಲ್ಲಿ ಕೂದಲೆಳೆಯ ಗೀರು ಕಾಣುವವಳಿಗೆ ಅದು ಕಾಣದೆ ಇದ್ದೀತೇ. ಈಗ ಹೇಳುತ್ತೇನೆ. ಮೂರು ಜನರ ಜೊತೆ ಸೇರಿ ನಾನು ಪೆಟ್ಟಿಗೆ ಮಾಡುತ್ತಿದ್ದೇನೆ. ಅದೇ ಪೆಟ್ಟಿಗೆ, ಅಕ್ಕಾ. ದಾರಿ ತಪ್ಪಿದ ಆಕಾಶನೌಕೆಯ ಸಿನಿಮಾದಲ್ಲಿ ಕ್ಯಾಪ್ಟನ್ನನ ಮಗ್ಗುಲಲ್ಲಿ ಕೂತು, ಕೇಳಿದ್ದಕ್ಕೆ ದೀಪ ಹೊತ್ತಿಸಿ, ಸುಮ್ಮನಿದ್ದು, ಆಮೇಲೆ ಉತ್ತರ ಹೇಳುತ್ತಿದ್ದ ಒಂಟಿ ದೀಪದ ಪೆಟ್ಟಿಗೆ. ಆ ಸಿನಿಮಾವನ್ನು ಮರೆಯದವರು ಇಷ್ಟು ಜನ ಇದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. ಪೆಟ್ಟಿಗೆಯ ಬಾಯಿಗೆ ಹಳೆಯ ಕಾಲದ ಸ್ಪೀಕರ್ ಬೇಕು, ನಿಲ್ದಾಣದ ಗುಜರಿಯಲ್ಲಿ ಇದೆಯೇ ಎಂದು ಕೇಳಿಕೊಂಡು ಅವರೇ ಈ ಕೋಣೆಗೆ ಬಂದರು. ಕೊಟ್ಟು ಕಳಿಸಬಹುದಿತ್ತು. ಜೊತೆಗೇ ಹೋದೆ. ಬಾಲಂಗೋಚಿಯ ಬುದ್ಧಿ ಎಲ್ಲಿಗೆ ಹೋಗುತ್ತದೆ.

ಒಬ್ಬರು ನಿವೃತ್ತ ಗಣಿತದ ಮೇಷ್ಟ್ರು, ಆ ಸಿನಿಮಾವನ್ನು ಉಳಿದವರು ಪಾಠ ಒಪ್ಪಿಸುವ ಹಾಗೆ ಬಾಯಿಪಾಠ ಹೇಳುತ್ತಾರೆ. ಇನ್ನೊಬ್ಬರು ಕಟ್ಟಿಸುವ ಹಲ್ಲು ತಯಾರಿಸುವ ಹೆಂಗಸು, ನಾವು ಹಲ್ಲಮ್ಮ ಎನ್ನುತ್ತೇವೆ. ಪೆಟ್ಟಿಗೆಯ ಮೈಯನ್ನು ಅಚ್ಚು ತೆಗೆದು ಎರಕ ಹೊಯ್ದವರು ಅವರೇ, ಹಲ್ಲಿಗೆ ಬಳಸುವ ಅದೇ ಸಾಮಾನಿನಲ್ಲಿ. ಮೂರನೆಯವನು ಅಂಗಡಿಗಳ ಬೆಳಕಿನ ಫಲಕ ಮಾಡುವ ಮಿಣುಕು, ನನಗಿಂತ ಎರಡು ವರ್ಷ ಚಿಕ್ಕವನು, ಹತ್ತು ವರ್ಷದವನ ಹಾಗೆ ಕಾಲು ಕುಣಿಸುತ್ತಾನೆ. ಹಲ್ಲಮ್ಮನ ಕೆಲಸದ ಕೋಣೆಯಲ್ಲಿ ನಾವು ಸೇರುವುದು. ಗೋಡೆಯುದ್ದಕ್ಕೂ ಹಲಗೆಯ ಮೇಲೆ ದವಡೆಗಳ ಸಾಲು. ಇಷ್ಟು ಹಲ್ಲಿದೆ, ಒಂದಕ್ಕೂ ನಾಲಿಗೆಯಿಲ್ಲ ಎಂದು ಮಿಣುಕು ಪ್ರತಿ ವಾರ ಅದೇ ನಗೆಚಟಾಕಿ ಹಾರಿಸುತ್ತಾನೆ, ಪ್ರತಿ ವಾರ ಅವನೊಬ್ಬನೇ ನಗುತ್ತಾನೆ. ಅವರ ನಿಷ್ಠೆ ನೋಡಿದರೆ ಭಯವಾಗುತ್ತದೆ. ಪೆಟ್ಟಿಗೆಯ ಎಡಮೂಲೆಯಲ್ಲಿ ಒಂದು ಸಣ್ಣ ಕಚ್ಚು ಇದೆಯಲ್ಲ, ಅದು ಬೇರೆ ಲೋಕದ ಸಂಕೇತಗಳನ್ನು ಹಿಡಿಯುವ ಕಿಂಡಿ ಎಂದು ಅವರೆಲ್ಲ ನಂಬಿದ್ದಾರೆ. ಅದನ್ನು ಹಾಗೇ ಮೂಡಿಸಲು ಹಲ್ಲಮ್ಮ ನಾಲ್ಕು ಅಚ್ಚು ಕೆಡಿಸಿದರು. ಸಿನಿಮಾಕ್ಕೆ ಆ ಪೆಟ್ಟಿಗೆ ಮಾಡಿದ ಬಡಗಿಮಾವ ಬೈಯುತ್ತಾ ಕೂತಿದ್ದು, ಉಳಿ ಜಾರಿ ಆ ಕಚ್ಚು ಬಿದ್ದದ್ದು, ದೀಪ ಆ ಕಡೆ ಬೀಳದ ಹಾಗೆ ತಿರುಗಿಸಿಡಿ ಎಂದು ಸ್ಟುಡಿಯೋದವರ ಮುಂದೆ ಗೋಗರೆದದ್ದು ನನಗೆ ಗೊತ್ತು. ಮಾವ ಇದ್ದಿದ್ದರೆ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದ ಎಂದು ಮಾತ್ರ ಅನಿಸಿತು.

ಧ್ವನಿಯನ್ನು ಸಿನಿಮಾದ ಪ್ರತಿಯಿಂದಲೇ ಬಿಡಿಸಿ ತೆಗೆದಿದ್ದೇವೆ. ಮೊದಲ ಸಲ ಅದು ಆ ಕೋಣೆಯಲ್ಲಿ ಕೇಳಿಸಿದಾಗ ನಾನು ತಂತಿ ಹಿಡಿದುಕೊಂಡು ಬೆನ್ನು ತಿರುಗಿಸಿ ನಿಂತಿದ್ದೆ. ಹಾಗೇ ನಿಂತೆ. ಮಾವನಿಗೆ ಊಟ ಕೊಡಲು ಸ್ಟುಡಿಯೋಗೆ ಹೋಗಿದ್ದ ನಿನ್ನನ್ನು ನಿರ್ದೇಶಕ ಏನೋ ಕೇಳಿದ್ದು, ನಿನ್ನ ಬಾಯಿಂದ ಮಾತು ಹೊರಡುವವರೆಗೆ ಅವನು ಕಣ್ಣರಳಿಸಿ ಕಾದದ್ದು, ಇಂಥ ಧ್ವನಿಯೇ ಬೇಕಿತ್ತು ಎಂದದ್ದು, ಇದನ್ನೆಲ್ಲ ನೀನೇ ಅಮ್ಮನಿಗೆ ಹೇಳುವಾಗ ಕೇಳಿದ್ದೆ. ಅಷ್ಟು ಉದ್ದ ನೀನು ಮಾತಾಡಿದ್ದು ಆವತ್ತೇ ಇರಬೇಕು. ಹೆಸರಿನ ಪಟ್ಟಿಯಲ್ಲಿ ನಿನ್ನ ಹೆಸರು ಹಾಕಲಿಲ್ಲ. ಪೆಟ್ಟಿಗೆಯ ಪಾತ್ರದಲ್ಲಿ ಸ್ವತಃ ಪೆಟ್ಟಿಗೆ ಎಂದು ಹಾಕಿದರು, ಎಲ್ಲರೂ ಮೆಚ್ಚಿದರು. ಆಮೇಲಿನದ್ದನ್ನು ಇಲ್ಲಿ ಬರೆಯಬಾರದು, ಆದರೆ ಬರೆಯದಿದ್ದರೆ ಈ ಪತ್ರಕ್ಕೆ ಅರ್ಥವಿಲ್ಲ. ಬಿಡುಗಡೆಯ ದಿನ ಹೆಸರೂ ಹೇಳದೆ ನಿನ್ನನ್ನು ವೇದಿಕೆಗೆ ಹತ್ತಿಸಿ, ಆ ಕೊನೆಯ ಮಾತು ಹೇಳಮ್ಮ ಎಂದರು. ನೀನು ಬಾಯಿ ತೆರೆದೆ. ಯಾರೋ ಕೆಮ್ಮಿದರು. ಯಾರೋ ನಕ್ಕರು. ನಿರೂಪಕ ನಿನ್ನ ಕೈಯಿಂದ ಮೈಕು ತೆಗೆದುಕೊಂಡು ತಾನೇ ಆ ಮಾತು ಹೇಳಿಬಿಟ್ಟ, ಚಪ್ಪಾಳೆ ಬಿತ್ತು. ಆ ಪೆಟ್ಟಿಗೆ ನಾನಲ್ಲ, ಯಾರಿಗೂ ಹೇಳಬೇಡಿ ಎಂದು ನೀನು ಮನೆಯವರ ಹತ್ತಿರ ಮಾತು ತೆಗೆದುಕೊಂಡೆ. ನಾನೂ ಕೊಟ್ಟಿದ್ದೆ.

ಈಗ ಬಂದಿರುವ ಬಿಕ್ಕಟ್ಟು ಇದು. ಪೆಟ್ಟಿಗೆ ಉತ್ತರ ಹೇಳುವ ಮುಂಚಿನ ಮೌನಕ್ಕೆ ಇವರು ತಡೆ ಎಂದು ಹೆಸರಿಟ್ಟಿದ್ದಾರೆ. ಮೇಷ್ಟ್ರು ಒಂದೊಂದು ತಡೆಯನ್ನೂ ಅಳೆದು ಒಂದು ಸೂತ್ರ ಕಂಡುಹಿಡಿದಿದ್ದಾರೆ. ಸುದ್ದಿ ಕೆಟ್ಟದಾದಷ್ಟೂ ತಡೆ ಉದ್ದ. ಬೆಳಕು ಉಳಿದಿಲ್ಲ ಎನ್ನುವ ಮುಂಚೆ ಉದ್ದ, ಮುಂದೆ ದಾರಿಯಿಲ್ಲ ಎನ್ನುವ ಮುಂಚೆ ಇನ್ನೂ ಉದ್ದ, ಗಾಳಿ ಸಿಕ್ಕಿದೆ ಎನ್ನುವಾಗ ಇಲ್ಲವೇ ಇಲ್ಲ. ಪೆಟ್ಟಿಗೆಗೆ ದುಃಖವಿದೆ, ಅದೇ ಈ ಸಿನಿಮಾದ ತಿರುಳು ಎಂದು ಅವರು ಬರೆದದ್ದನ್ನು ಎಲ್ಲ ಊರುಗಳ ಅಭಿಮಾನಿಗಳೂ ತಲೆಯ ಮೇಲೆ ಹೊತ್ತು ತಿರುಗುತ್ತಿದ್ದಾರೆ. ತುಟಿ ಕೂಡಿಸಿ ಆಡುವ ಬಕಾರ, ಮಕಾರದ ಮಾತು ನಿನಗೆ ಸುಲಭಕ್ಕೆ ಹೊರಡುತ್ತಿರಲಿಲ್ಲ ಎಂದು ಅವರಿಗೆ ಹೇಗೆ ತಿಳಿಯಬೇಕು. ಆದರೆ ಸೂತ್ರ ಒಂದು ಕಡೆ ಮುರಿಯುತ್ತದೆ. ಆ ಕೊನೆಯ ಮಾತಿನಲ್ಲಿ ಎಲ್ಲಕ್ಕಿಂತ ಒಳ್ಳೆಯ ಸುದ್ದಿಗೆ ಎಲ್ಲಕ್ಕಿಂತ ಉದ್ದದ ತಡೆ. ಮನೆ ಕಾಣುತ್ತಿದೆ. ಅದೊಂದು ಮಾತು ಮೇಷ್ಟ್ರ ಗಂಟಲಿನ ಮುಳ್ಳಾಗಿದೆ.

ಮೊನ್ನೆ ಭಾನುವಾರ ಅವರು ಅದನ್ನು ಕಿತ್ತೇಬಿಡಲು ತಯಾರಾಗಿ ಬಂದಿದ್ದರು. "ಒಳ್ಳೇ ಸುದ್ದಿ ಹೇಳೋಕೆ ಯಾರಾದ್ರೂ ಇಷ್ಟು ಹೊತ್ತು ತಗೋತಾರೇನ್ರೀ? ಇದು ಹಳೇ ಟೇಪಿನ ದೋಷ. ಕತ್ತರಿಸಿ" ಎಂದರು. ಹಲ್ಲಮ್ಮ ಕೈಯಲ್ಲಿದ್ದ ಅರವನ್ನು ಮೇಜಿಗೆ ಕುಕ್ಕಿದರು. "ಲೆಕ್ಕ ಬರ್ಲಿಲ್ಲ ಅಂತ ಸಿನಿಮಾನೇ ತಪ್ಪಾ ಮೇಷ್ಟ್ರೇ? ಶಾಲೇಲೂ ಹೀಗೇನಾ, ಉತ್ತರ ಹೊಂದ್ಲಿಲ್ಲ ಅಂದ್ರೆ ಹುಡುಗರನ್ನೇ ಕತ್ತರಿಸ್ತಿದ್ರಾ?" ಮಿಣುಕು ನಡುವೆ ಬಂದ. "ನಂಗೇನಮ್ಮ, ಯಾವ್ದಾದ್ರೂ ಸರಿ. ಆದ್ರೆ ಸಭೇಲಿ ಅಷ್ಟು ಹೊತ್ತು ಸುಮ್ನಿದ್ರೆ ಕೆಟ್ಟೋಗಿದೆ ಅನ್ಕೋತಾರೆ. ಹಿಂದ್ಗಡೆಯಿಂದ ಒಬ್ಬ ಶಿಳ್ಳೆ ಹೊಡೆದ್ರೆ ನಮ್ ಮಾನ ಹೋಯ್ತು." ಬರುವ ಭಾನುವಾರ ಅಭಿಮಾನಿಗಳ ದೊಡ್ಡ ಸಭೆ ಇದೆ, ಅಲ್ಲಿ ಪೆಟ್ಟಿಗೆ ಮೊದಲ ಸಲ ಮಾತಾಡಬೇಕು. ಅದಕ್ಕಿಂತ ಮುಖ್ಯ, ಅದರ ನಕ್ಷೆ ಅಚ್ಚಾಗಿ ಎಲ್ಲ ಕಡೆ ಹೋಗುತ್ತದೆ. ಇನ್ನು ಮುಂದೆ ಯಾರು ಎಲ್ಲಿ ಆ ಪೆಟ್ಟಿಗೆ ಮಾಡಿದರೂ ನಾವು ಬರೆದದ್ದೇ ಅದರ ಮಾತು, ನಾವು ಬಿಟ್ಟದ್ದೇ ಅದರ ಮೌನ. ಇಬ್ಬರು ಕತ್ತರಿಸಿ ಎಂದರು, ಒಬ್ಬರು ಬೇಡ ಎಂದರು. ಮೂವರೂ ನನ್ನ ಮುಖ ನೋಡಿದರು. ಒಂದು ಸಲ ನಡೆಸಿ ನೋಡೋಣ ಎಂದೆ, ಹೊತ್ತು ಕಳೆಯಲು.

ಹಲ್ಲಮ್ಮ ಕ್ಯಾಪ್ಟನ್ನನ ಗತ್ತಿನಲ್ಲಿ ಕೇಳಿದರು, ಏನಾದರೂ ಕಾಣುತ್ತಿದೆಯೇ ಎಂದು. ದೀಪ ಹೊತ್ತಿತು. ಮೌನ. ದವಡೆಗಳೂ ಕಿವಿಗೊಟ್ಟ ಹಾಗಿತ್ತು. ದೀಪ ಉರಿಯುತ್ತಲೇ ಇತ್ತು, ಮತ್ತೆ ನಾನು ಮೆಲ್ಲನೆ ಎಣಿಸತೊಡಗಿದೆ, ಚಿಕ್ಕಂದಿನಲ್ಲಿ ನಿನ್ನ ಪಕ್ಕ ಅಂಗಡಿಯ ಮುಂದೆ ನಿಂತು ಎಣಿಸುತ್ತಿದ್ದ ಹಾಗೆ, ಅಂಗಡಿಯವನು ಬೇರೆಯವರ ಕಡೆ ತಿರುಗುವ ಮುಂಚೆ ನಿನ್ನ ಮಾತು ಹೊರಬಂದರೆ ಸಾಕು ಎಂದು. ಮಿಣುಕುವಿಗೆ ತಡೆಯಲಾಗಲಿಲ್ಲ. "ಮನೆ, ಮನೆ! ಬೇಗ ಹೇಳಮ್ಮಾ ತಾಯಿ" ಎಂದ, ತಮಾಷೆಗೇ. ನನ್ನ ಬಾಯಿಂದ ಬಂದದ್ದು ನನಗೇ ಬೇರೆಯವರ ದನಿಯ ಹಾಗೆ ಕೇಳಿಸಿತು. "ಬಾಯ್ಮುಚ್ಚೋ! ಅವಳೇ ಹೇಳ್ಲಿ!" ಆಮೇಲೆ ನೀನು ಹೇಳಿದೆ. ಮನೆ ಕಾಣುತ್ತಿದೆ. ಯಾರೂ ಅದನ್ನು ಕೇಳಲಿಲ್ಲ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಅವಳು ಅಂದ್ರೆ ಯಾರ್ರೀ?" ಎಂದರು ಮೇಷ್ಟ್ರು. ಅವರು ಕಣ್ಣು ಕಿರಿದು ಮಾಡಿ ಕೇಳುವ ರೀತಿಗೆ ಯಾವ ಹುಡುಗನೂ ನಿಜ ಹೇಳಿಬಿಡಬೇಕು. ಹಲ್ಲಮ್ಮ ಅಡ್ಡ ಬಂದರು. "ಯಾರೇನು, ಪೆಟ್ಟಿಗೆ! ಆ ದನಿ ಕೇಳಿ ನಿಮ್ಗೆ ಗಂಡಸು ಅನ್ಸುತ್ತಾ?" ಮಿಣುಕು ನಕ್ಕ. ಮೇಷ್ಟ್ರು ನಗಲಿಲ್ಲ. "ತಡೆ ಇರ್ಬೇಕು ಅನ್ನೋರು ಕಾರಣ ಕೊಡಿ. ಕಾರಣ ಇಲ್ದೆ ನಾನು ಏನನ್ನೂ ಉಳಿಸಲ್ಲ. ಶನಿವಾರ ನಕ್ಷೆ ಅಚ್ಚಿಗೆ ಹೋಗುತ್ತೆ" ಎಂದು ಕಡ್ಡಿ ಮುರಿದ ಹಾಗೆ ಹೇಳಿ ಕೊಡೆ ತೆಗೆದುಕೊಂಡು ಹೋದರು. ನಾನು ಹೊರಡುವಾಗ ಹಲ್ಲಮ್ಮ ಬಾಗಿಲಲ್ಲಿ ನಿಂತು, ಕೈಗೆ ಹತ್ತಿದ ಬಿಳಿಪುಡಿ ಒರೆಸಿಕೊಳ್ಳುತ್ತಾ, "ನಿಮ್ಮನೆಯವ್ರಾ?" ಎಂದಷ್ಟೇ ಕೇಳಿದರು. ನಾನು ಬೂಟಿನ ದಾರ ಕಟ್ಟಿಕೊಂಡೆ. ಅವರು ಮತ್ತೆ ಕೇಳಲಿಲ್ಲ.

ಹೀಗೆ ಸಿಕ್ಕಿಬಿದ್ದಿದ್ದೇನೆ. ಕಾರಣ ಹೇಳಿದರೆ ನಿನಗೆ ಕೊಟ್ಟ ಮಾತು ಹೋಗುತ್ತದೆ. ಅವರು ನಿನ್ನನ್ನು ಹುಡುಕಿಕೊಂಡು ಬರುತ್ತಾರೆ, ಪ್ರೀತಿಯಿಂದಲೇ ಬರುತ್ತಾರೆ, ಮೈಕು ಹಿಡಿದುಕೊಂಡು ಬರುತ್ತಾರೆ. ಹೇಳದಿದ್ದರೆ ನೀನು ಬಾಯಿ ತೆರೆದು ನಿಂತ ಆ ಹೊತ್ತನ್ನು ಇನ್ನೊಂದು ಸಲ, ಈ ಸಲ ಎಲ್ಲ ಕಾಲಕ್ಕೂ, ನಿನ್ನ ಕೈಯಿಂದ ಕಿತ್ತುಕೊಂಡ ಹಾಗಾಗುತ್ತದೆ. ಕಾಯುವವನ ಪಾಡು ನನಗೆ ಗೊತ್ತು, ಕಾಯಿಸುವವಳ ಪಾಡು ಗೊತ್ತಿಲ್ಲ. ಅದಕ್ಕೇ ನಾನಾಗಿ ತೀರ್ಮಾನಿಸಲಾರೆ. ನೀನು ಫೋನು ಮುಟ್ಟುವವಳಲ್ಲ, ಮುಟ್ಟು ಎಂದು ನಾನು ಹೇಳುವವನೂ ಅಲ್ಲ. ಶುಕ್ರವಾರದೊಳಗೆ ತಲುಪುವ ಹಾಗೆ ಒಂದೇ ಪದ ಬರೆದು ಹಾಕು. ಹೇಳು ಎಂದೋ, ಬೇಡ ಎಂದೋ. ಬೇಡ ಎಂದರೆ ಆ ಮಾತು ನನ್ನ ಜೊತೆಗೇ ಮಣ್ಣಿಗೆ ಹೋಗುತ್ತದೆ.

ಭುಜಕ್ಕೆ ಬಿಸಿ ಕಾವು ಕೊಡುವುದನ್ನು ಬಿಡಬೇಡ. ಬೆಕ್ಕಿನ ತಲೆ ನನ್ನ ಪರವಾಗಿ ಒಂದು ಸಲ ಸವರು. ನನ್ನವಳು ನಿನ್ನನ್ನು ನೆನೆಯುತ್ತಾಳೆ, ಗೊಣಗುತ್ತಲೇ. ದೂರದಿಂದಲೇ ನನ್ನ ನೆತ್ತಿಯ ಮೇಲೆ ಕೈಯಿಡು ಅಕ್ಕಾ, ಕೂದಲು ಉದುರಿದೆ, ಜಾಗ ಬೇಕಾದಷ್ಟಿದೆ.

ಇಂತಿ,
ನಿನ್ನ ಬಾಲಂಗೋಚಿ

ಮತ್ತೆ: ಲಕೋಟೆ ಅಂಟಿಸಿದ್ದನ್ನು ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ, ಅಂಚೆಯ ಗಾಡಿ ಕೆಳಗೆ ಬಂದಾಗಿದೆ. ಮೇಷ್ಟ್ರು ಈಗತಾನೇ ಇಲ್ಲಿಗೆ ಮಹಡಿ ಹತ್ತಿ ಬಂದಿದ್ದರು. ಅಚ್ಚಿನವರು ನಕ್ಷೆ ಇವತ್ತೇ ಕೇಳಿದ್ದಾರಂತೆ, ಶನಿವಾರದವರೆಗೆ ಕಾಯುವುದಿಲ್ಲವಂತೆ. ಕಾರಣ ಏನು ಎಂದರು. ಹೇಳಲಾರೆ ಎನ್ನಲು ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಎಷ್ಟು ಹೊತ್ತೋ. ಕೆಳಗೆ ಯಂತ್ರದ ಹೆಂಗಸು ಒಂದಾದ ಮೇಲೊಂದು ಬಸ್ಸು ಕೂಗುತ್ತಿದ್ದಳು. ಮೇಷ್ಟ್ರು ನನ್ನ ಮಾತು ಪೂರೈಸಲಿಲ್ಲ, ಕೊಡೆಯ ಹಿಡಿ ಹಿಡಿದುಕೊಂಡು ನಿಂತೇ ಇದ್ದರು. "ಕಾರಣ ಇದೆ, ಅದನ್ನ ಹೇಳೋ ಹಕ್ಕು ನನ್ನದಲ್ಲ" ಎಂದೆ ಕೊನೆಗೆ. ಅವರು ಕೊಡೆ ಕಂಕುಳಿಗೆ ಸಿಕ್ಕಿಸಿಕೊಂಡು, "ಹಾಗಾದ್ರೆ ಸೂತ್ರ ತಪ್ಪು. ತಡೆ ಇದ್ದ ಹಾಗೇ ಇರ್ಲಿ, ಯಾಕೆ ಅಂತ ನಮಗೆ ಗೊತ್ತಿಲ್ಲ ಅಂತ ಬರೀತೀನಿ" ಎಂದು ಇಳಿದು ಹೋದರು. ಹಾಗಾಗಿ ಮೇಲೆ ಕೇಳಿದ ಪದ ಕಳಿಸಬೇಡ, ಅದು ಬೇಡ. ಕೇಳಬೇಕಾದ್ದು ಬೇರೆಯೇ ಇದೆ. ಸಭೆ ಭಾನುವಾರ ಬೆಳಿಗ್ಗೆ, ಈ ನಿಲ್ದಾಣದ ಹಿಂದಿನ ಸಭಾಂಗಣದಲ್ಲಿ. ಪಕ್ಕದ ಬಾಗಿಲಿಗೆ ಹತ್ತಿರ, ಕೊನೆಯ ಸಾಲಿನಲ್ಲಿ ಒಂದು ಕುರ್ಚಿಯ ಮೇಲೆ ನನ್ನ ಕೋಟು ಹಾಕಿಟ್ಟಿರುತ್ತೇನೆ. ನೀನು ಯಾರೆಂದು ಯಾರಿಗೂ ಗೊತ್ತಿರುವುದಿಲ್ಲ, ಯಾರೂ ನಿನ್ನನ್ನು ಮಾತಾಡಿಸುವುದಿಲ್ಲ, ನಾನೂ ಮಾತಾಡಿಸುವುದಿಲ್ಲ. ದೀಪ ಹೊತ್ತುತ್ತದೆ, ಮಾತು ಬರುವುದಿಲ್ಲ, ಇಡೀ ಸಭೆ ಉಸಿರು ಬಿಗಿಹಿಡಿದು ಕೂತಿರುತ್ತದೆ. ಒಬ್ಬ ಶಿಳ್ಳೆ ಹೊಡೆದರೂ ಹೊಡೆದಾನು, ಆ ಭಯ ನನಗೂ ಇದೆ. ಆದರೂ, ಅಷ್ಟು ಜನ ನಿನಗಾಗಿ ಕಾಯುವುದನ್ನು ಒಂದು ಸಲ ಬಂದು, ಹಿಂದಿನಿಂದ, ಕೂತು ನೋಡುವೆಯಾ ಅಕ್ಕಾ?