ಸುತ್ತಿಕೊಳ್ಳದ ಹಾಯಿ

ಹಿರಿಯೂರು
೧೪ ಜುಲೈ ೨೦೨೫

ಚಿರಂಜೀವಿ ಚೈತ್ರಾಳಿಗೆ ಅಪ್ಪನ ಆಶೀರ್ವಾದ.

ಪತ್ರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಶಾಮಿಯಾನದ ಕೆಲಸ ಜಾಸ್ತಿ ಎಂದು ನೆಪ ಹೇಳಬಹುದಿತ್ತು, ಆದರೆ ಆಷಾಢದಲ್ಲಿ ಯಾರ ಮನೆಯ ಮದುವೆ? ಫೋನಿನಲ್ಲಿ ನಿನ್ನ ದನಿ ಕೇಳಿದರೆ ಬೇರೇನೋ ಮಾತಾಡಿ ಇಟ್ಟುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಚಿಕ್ಕಜಾಜೂರಿನಲ್ಲಿ ಈರಕ್ಕತ್ತೆ ಚೆನ್ನಾಗಿ ಉಣ್ಣಿಸುತ್ತಿರಬೇಕು. ಅವಳ ಮನೆಯಲ್ಲಿ ಬೇಡ ಅಂದವರಿಗೇ ಒಂದು ಮುದ್ದೆ ಜಾಸ್ತಿ.

ನಿನ್ನ ಜೊತೆ ದೋಣಿ ನಡೆಸುವ ರಮ್ಯಾಳ ಕೈಯ ಪ್ಲಾಸ್ಟರ್ ಮೊನ್ನೆ ಬಿಚ್ಚಿದರು. ಬೆರಳು ಆಡಿಸಿ ತೋರಿಸಿದಳು. "ಅಂಕಲ್, ಚೈತ್ರಾ ಬಂದ್ರೇ ನಾನು ದೋಣಿ ಹತ್ತದು, ಇಲ್ದಿದ್ರೆ ಇಲ್ಲ" ಅಂದಳು. ಭಾನುವಾರ ಮಾರಿಕಣಿವೆಯ ಹಿನ್ನೀರಿನಲ್ಲಿ ಹಾಯಿದೋಣಿ ತಂಡದ ಆಯ್ಕೆ. ನೀನೋ, ಆ ದಿನ ಗಾಳಿ ಎದ್ದಾಗ ದೋಣಿಯ ಮುಂದಿನ ಹಾಯಿ ಮುಕ್ಕಾಲು ಸುತ್ತಿ ನಿಂತದ್ದು, ಉಳಿದ ಚೂರಿಗೆ ಗಾಳಿ ತುಂಬಿ ದೋಣಿ ಬಂಡೆಗೆ ಬಡಿದದ್ದು, ರಮ್ಯಾಳ ಕೈ ಮುರಿದದ್ದು, ಎಲ್ಲವೂ ನೀನು ಹಾಯಿ ಸುತ್ತುವ ಹಗ್ಗ ತಡವಾಗಿ ಎಳೆದದ್ದರಿಂದ ಎಂದುಕೊಂಡು ಇನ್ನು ಹಗ್ಗವನ್ನೇ ಮುಟ್ಟುವುದಿಲ್ಲ ಎಂದು ಕೂತಿದ್ದೀಯೆ.

ಹರಿದ ಹಾಯಿಯನ್ನು ನಾನೇ ಶಾಮಿಯಾನದ ಮಿಷಿನ್ನಿನಲ್ಲಿ ಎರಡೆರಡು ಹೊಲಿಗೆ ಹಾಕಿ ಸರಿಮಾಡಿದ್ದೇನೆ. ನಿಮಗೆ ಕಲಿಸುವ ಚಿಕ್ಕತಿಮ್ಮಪ್ಪ ಮೇಷ್ಟ್ರು ನಿನ್ನೆ ಹಾಯಿಯ ಬುಡದ ಡ್ರಮ್ಮಿಗೆ ಹೊಸ ಹಗ್ಗ ಸುತ್ತಿಸಿದರು. ಆ ಹಗ್ಗ ಎಳೆದರೆ ಡ್ರಮ್ಮಿನಿಂದ ಒಂದೊಂದು ಸುತ್ತು ಬಿಚ್ಚಿದಂತೆ ಹಾಯಿಯೂ ಒಂದೊಂದು ಸುತ್ತು ಚಾಪೆಯಂತೆ ಸುತ್ತಿಕೊಳ್ಳುವುದು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಅವರು ಹೇಳಿದರು: "ಕಲ್ಲೇಶಪ್ಪ, ಗಾಳಿ ಇಲ್ದಾಗ ಹಾಯಿ ಸಡಿಲಾಗಿ ಸುತ್ಕಂತೈತೆ, ಹತ್ತು ಸುತ್ತಿಗೆ ಮುಗೀತೈತೆ. ಗಾಳಿ ಜೋರಾದ್ರೆ ಬಿಗಿಯಾಗಿ ಸುತ್ಕಂತೈತೆ, ಹದಿಮೂರಾದ್ರೂ ಬೇಕು. ಅದಕ್ಕೇ ಡ್ರಮ್ಮಿನಾಗೆ ಹಗ್ಗ ಮಿಗಬೇಕು." ಕೇಳುತ್ತ ನಾನು ಆ ಹೊಸ ಹಗ್ಗದ ಸುತ್ತುಗಳನ್ನು ಎರಡು ಸಲ ಎಣಿಸಿದೆ.

ಇಲ್ಲಿ ಗಾಳಿ ನಿಂತೇ ಇಲ್ಲ. ಬಾಗಿಲು ಬಡಿದರೂ ಎದ್ದು ಹೋಗಿ ನೋಡುತ್ತೇನೆ. "ಅವಳನ್ನ ಬಲವಂತ ಮಾಡಬ್ಯಾಡ್ರಿ" ಎನ್ನುತ್ತಾಳೆ ನಿನ್ನಮ್ಮ. ನೀನು ದೋಣಿ ಹತ್ತಿದರೂ ನನಗೆ ಭಯ, ಹತ್ತದೇ ಉಳಿದರೆ ಇನ್ನೂ ಭಯ.

ದೇವರು ನಿನ್ನ ಕೈಗೆ ಬಲವನ್ನೂ ಕಣ್ಣಿಗೆ ನಿದ್ದೆಯನ್ನೂ ಕೊಡಲಿ. ಈರಕ್ಕತ್ತೆಗೆ ನನ್ನ ನಮಸ್ಕಾರ ಹೇಳು.

ನಿನ್ನ ಅಪ್ಪ,
ಕಲ್ಲೇಶ್

ಮರೆತು ಕೆಳಗೆ ಬರೆಯುತ್ತಿರುವುದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ದೋಣಿ ಬಂಡೆಗೆ ಬಡಿದ ಹಿಂದಿನ ದಿನ, ಗಾಳಿಯೇ ಇಲ್ಲದೆ ಅದು ದಡದಲ್ಲಿದ್ದಾಗ, ಹಾಯಿ ಪೂರ್ತಿ ಸುತ್ತಿದ ಮೇಲೂ ಡ್ರಮ್ಮಿನಲ್ಲಿ ನಾಲ್ಕು ಸುತ್ತು ಹಗ್ಗ ಉಳಿದಿತ್ತು. ಶಾಮಿಯಾನದವರಿಗೆ ಮಿಕ್ಕ ಹಗ್ಗ ಕಂಡರಾಗದು, ಯಾರ ಕಾಲಿಗಾದರೂ ತೊಡರುತ್ತದೆ. ನಾನೇ ಬಿಚ್ಚಿ, ಕತ್ತರಿಸಿ, ತುದಿ ಸುಟ್ಟು ಮತ್ತೆ ಗಂಟು ಹಾಕಿದೆ. ನಿನಗೆ ಹೇಳಲಿಲ್ಲ. ನೀನು ತಡ ಮಾಡಲಿಲ್ಲ ಮಗಳೇ, ಎಳೆಯಲು ಅಲ್ಲಿ ಹಗ್ಗವೇ ಇರಲಿಲ್ಲ. ದೋಣಿಯನ್ನು ದಡಕ್ಕೆ ತಂದಾಗ ಖಾಲಿ ಡ್ರಮ್ಮು ನೋಡಿಯೇ ನನಗೆ ಅನುಮಾನ ಬಂದಿತ್ತು. ಆದರೂ ಆಸ್ಪತ್ರೆಯಲ್ಲಿ ರಮ್ಯಾಳ ಅಮ್ಮ ನಿನ್ನನ್ನು ಬೈಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ನೀನು ನನ್ನ ಕಡೆ ನೋಡಿದೆ. ನಾನು ಬಾಯಿ ಬಿಡಲಿಲ್ಲ.