ಅಪ್ಪನ ಫೋಟೋ ನಡುವೆ ಬೇಡ

ಗಂಗಾಧರ,

ಅಪ್ಪನ ಆಪರೇಷನ್ ಇವತ್ತೇ ಅಂತೆ, ಕೋಲಾರದ ಆಸ್ಪತ್ರೆಗೆ ಹೊರಟೆ.

ಅಲ್ಲಿ ಅಪ್ಪನ ಹಾಸಿಗೆ ಪಕ್ಕ ಇಡೋಕೆ ನಮ್ಮೆಲ್ಲರ ಫೋಟೋ ಜೋಡಿಸಿ ನೀನು ಮಾಡ್ತಿರೋ ಕೊಲಾಜ್ ನೋಡಿದೆ. ಅಪ್ಪನೊಬ್ಬನನ್ನೇ ನಡುವೆ ದೊಡ್ಡದಾಗಿ ಕೂರಿಸಿ, ತಲೆ ಸುತ್ತ ಬೆಳಕು ಬೇರೆ ಬಿಟ್ಟಿದ್ದೀಯಲ್ಲೋ! ಸ್ಟುಡಿಯೋದಲ್ಲಿ ದಿನಾ ಶ್ರದ್ಧಾಂಜಲಿ ಬ್ಯಾನರ್ ಮಾಡಿ ಮಾಡಿ ಕೈಗೆ ಅದೇ ಅಭ್ಯಾಸ ಆಗೋಯ್ತಾ? ಅಮ್ಮ ನೋಡಿದ್ರೆ ಎದೆ ಒಡ್ಕೋತಾಳೆ.

ಇಟ್ಟಿಗೆ ಗೂಡಿನ ಮುಂದೆ ಅಪ್ಪ ನಗ್ತಿರೋ ಫೋಟೋದ ರಾ ಫೈಲ್ ಇದೆಯಲ್ಲ, ಕ್ಯಾಮೆರಾದಿಂದ ಬಂದ ಹಾಗೇ ಕತ್ತಲಾಗಿರೋದು, ಅದಕ್ಕೆ ಸ್ವಲ್ಪ ಬೆಳಕು ಕೊಡು. ಮುಖ ಮಾತ್ರ ಬೆಳ್ಳಗೆ ಮಾಡ್ಬೇಡ. ಸಣ್ಣದಾಗಿ ನಮ್ಮೆಲ್ಲರ ಜೊತೆ ಸೇರಿಸಿ, ಪ್ರಿಂಟ್ ಹಾಕಿಸ್ಕೊಂಡು ಬಾ.

ಒಲೆ ಮೇಲೆ ಸಾರಿದೆ, ಮುದ್ದೆ ಉಂಡು ಹೊರಡು.

ಆ ದೊಡ್ಡ ಫೋಟೋನ ಅಳಿಸಿಬಿಡು. ಮುಂದೆ ಬೇಕಾಗುತ್ತೆ ಅಂತ ಎಲ್ಲೂ ಸೇವ್ ಮಾಡಿಟ್ಕೋಬೇಡ ಕಣೋ.

ಅಕ್ಕ