ಬಿಡುವ ಉಸಿರಿನ ದನಿ

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹೆರಿಗೆ ವಾರ್ಡಿನ ನರ್ಸ್ ಕೆಲಸದಲ್ಲಿ ನಿಂತು ನಿಂತು ಊದಿಕೊಂಡಿದ್ದ ನಿನ್ನ ಕಾಲು ಈಗ ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ ಎಂದು ಅಮ್ಮ ಕೇಳಲು ಹೇಳಿದ್ದಾಳೆ. ಅವಳು ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆದು ಹೊಡೆದುಹಾಕಿದೆ. ಸುಳ್ಳು ಬರೆಯಲು ಕೈ ಬರಲಿಲ್ಲ. ಫೋನಿನಲ್ಲಿ ಹೇಳಿದರೆ ಅಮ್ಮನ ಕಿವಿಗೆ ಬೀಳುತ್ತದೆ, ಅದಕ್ಕೇ ಈ ಕಾಗದ.

ಸ್ಕೂಲು ಬಿಟ್ಟವನು ಲಿಫ್ಟ್ ರಿಪೇರಿಯಲ್ಲಾದರೂ ನೆಟ್ಟಗೆ ನಿಲ್ಲಲಿ ಎಂದು ಮೇಸ್ತ್ರಿಯ ಹತ್ತಿರ ಸೇರಿಸಿದವಳು ನೀನೇ. ಒಂದೆಡೆ ಕೂರಲಾರದ ನನಗೆ ಆ ಕೆಲಸ ಹಿಡಿಸಿತು. ಹಿಡಿಸದ್ದು ಲಿಫ್ಟಿನ ಕೆಳಗಿನ ಗುಂಡಿ ಮಾತ್ರ. ಸುತ್ತ ಗೋಡೆ, ಗ್ರೀಸಿನ ವಾಸನೆ, ತಲೆಯ ಮೇಲೆ ನೇತಾಡುವ ಲಿಫ್ಟು. ಇಳಿದೊಡನೆ ಎದೆ ಬಿಗಿಯುತ್ತಿತ್ತು. ಇದನ್ನು ಹೇಳಿದಾಗ ನೀನು ನಗಲಿಲ್ಲ. ಹೆರಿಗೆ ನೋವು ತಿನ್ನುವ ಬಸುರಿಯರಿಗೆ ಹೇಳಿಕೊಡುವುದನ್ನೇ ನನಗೂ ಹೇಳಿಕೊಟ್ಟೆ: “ಮೂಗಿಂದ ಮೆಲ್ಲಗೆ ಎಳ್ಕೋ. ಬಿಡುವಾಗ ದನಿ ಮಾಡಿ ಬಿಡು, ಆ ಅಂತಲೋ ಮ್ ಅಂತಲೋ, ಉಸಿರು ಪೂರ್ತಿ ಮುಗಿಯೋವರೆಗೂ. ಬೇರೇನೂ ಯೋಚಿಸ್ಬೇಡ, ಆ ದನೀನೇ ಕೇಳ್ತಾ ಇರು.”

ಹಾಗೇ ಮಾಡಿದೆ. ಗೋಡೆಗಳೂ ನನ್ನ ಜೊತೆ ಗುನುಗುತ್ತಿದ್ದವು, ಕೈ ಕೆಲಸಕ್ಕೆ ಹೋಗುತ್ತಿತ್ತು. ಮೇಲಿನಿಂದ ಮೇಸ್ತ್ರಿ “ಏನೋ, ಹೆರಿಗೆ ಆಯ್ತೇನೋ?” ಎಂದು ರೇಗಿಸಿದರೆ “ಇನ್ನೂ ಇಲ್ಲ, ನೀವು ತೊಟ್ಟಿಲು ರೆಡಿ ಮಾಡಿ” ಎನ್ನುತ್ತಿದ್ದೆ. ಮೊದಲೆಲ್ಲ ನಾನು ಹತ್ತಿ ಬಂದು “ಹೊರಗಿದೀನಿ” ಎಂದು ಕೂಗಿದ ಮೇಲೆಯೇ ಅವರು ಲಿಫ್ಟ್ ಇಳಿಸುತ್ತಿದ್ದರು. ಬರಬರುತ್ತಾ ಕೂಗುವುದನ್ನು ನಾನು ಬಿಟ್ಟೆ, ಕೇಳುವುದನ್ನು ಅವರು ಬಿಟ್ಟರು. ದನಿ ಇದ್ದರೆ ನಾನು ಒಳಗೆ, ನಿಂತರೆ ಹೊರಗೆ.

ಮೊನ್ನೆ ಒಂದು ಹಳೆಯ ಕಟ್ಟಡ. ಗುಂಡಿಗೆ ಇಳಿದವರು ಲಿಫ್ಟ್ ಕದಲದಂತೆ ಒತ್ತಿಡಬೇಕಾದ ಸ್ಟಾಪ್ ಸ್ವಿಚ್ ಕೆಟ್ಟಿತ್ತು. ಮೇಸ್ತ್ರಿಗೂ ನನಗೂ ಗೊತ್ತಿತ್ತು. ನಟ್ಟು ಬಿಗಿಯುತ್ತಾ ದನಿ ಬಿಡುತ್ತಿದ್ದೆ. ಅಕ್ಕಾ, ಆವತ್ತು ಮೊದಲ ಸಲ ಭಯ ಪೂರ್ತಿ ಹೋಯಿತು. ದನಿ ಬೇಕೆನಿಸಲೇ ಇಲ್ಲ, ತಾನಾಗಿ ನಿಂತುಹೋಯಿತು. ನೆಮ್ಮದಿಯಾಗಿ ಸುಮ್ಮನೆ ಕೂತೆ. ಆಗ ಮೇಲಿನ ಬೆಳಕು ಕಿರಿದಾಗತೊಡಗಿತು. ಕೂಗಬೇಕೆಂದರೆ, ಹೆದರಿ ಎಳೆದುಕೊಂಡ ಉಸಿರು ಒಳಗೇ ಕಚ್ಚಿಕೊಂಡಿತ್ತು. ಅಂಗಾತ ಬಿದ್ದೆ. ಲಿಫ್ಟಿನ ತಳ ಮೂಗಿನ ಹತ್ತಿರ ಬಂದಾಗ ಉಸಿರು ಬಿಟ್ಟುಕೊಂಡಿತು, ಜೊತೆಗೆ ನೀನು ಕಲಿಸಿದ ‘ಆ’. ಲಿಫ್ಟು ನಿಂತಿತು. ಮಾತೆತ್ತಿದರೆ ಬೈಯುವ ಮೇಸ್ತ್ರಿ ಆವತ್ತು ಬೈಯಲಿಲ್ಲ. “ಯಾಕೋ ನಿಲ್ಲಿಸ್ದೆ? ನಿಲ್ಲಿಸ್ಬೇಡ ಕಣೋ” ಎಂದರು, ಅಷ್ಟೇ. 

ಈಗ ನಾನು ಊಟಕ್ಕೆ ಕೂತರೂ ಗುನುಗುತ್ತೇನೆ. ಸುಮ್ಮನಾದರೆ ತಲೆಯ ಮೇಲೆ ಏನೋ ಇಳಿಯುತ್ತಿದೆ ಎನಿಸಿ ಸೂರು ನೋಡುತ್ತೇನೆ. ಯಾವುದೋ ಹುಡುಗಿಯ ಹಿಂದೆ ಬಿದ್ದಿದ್ದಾನೆ ಎಂದು ಅಮ್ಮ ಪಕ್ಕದ ಮನೆಯವಳ ಹತ್ತಿರ ನಗುತ್ತಿದ್ದಳು. ಅಮ್ಮ ಕೇಳಿದರೆ ನಿಜವನ್ನೇ ಹೇಳುತ್ತೇನೆ. ಕೇಳದಿದ್ದರೆ ಸಾಕಪ್ಪಾ ಎಂದುಕೊಂಡು ಓಡಾಡುತ್ತಿದ್ದೇನೆ.

ಕಾಲನ್ನು ಬಿಸಿನೀರಿನಲ್ಲಿ ಇಟ್ಟುಕೋ. ಅಮ್ಮ ನಿನ್ನನ್ನು ಹರಸಿದ್ದಾಳೆ, ಬೈದೂ ಇದ್ದಾಳೆ. ಎರಡನ್ನೂ ತಲುಪಿಸಿದ್ದೇನೆ.

ನಿನ್ನ ತಲೆಹರಟೆ ತಮ್ಮ

ಮರೆತದ್ದರಿಂದ ಕೊನೆಗೆ ಬರೆಯುತ್ತಿಲ್ಲ, ಧೈರ್ಯ ಬಂದಿರಲಿಲ್ಲ: ಮುಂದಿನ ವಾರ ಅದೇ ಗುಂಡಿಗೆ ಇಳಿಯಬೇಕು. ಹೊಸ ಸ್ವಿಚ್ ಬಂದಿಲ್ಲ. ಮೊದಲಿನ ಹಾಗೆ ಹೊರಗೆ ಬಂದು ಕೂಗಿ ಹೇಳುವುದೆಂದು ಮಾತಾಗಿದೆ, ಆದರೆ ಮೇಸ್ತ್ರಿಯ ಕಿವಿ ಆ ದನಿಗೇ ಒಗ್ಗಿಹೋಗಿದೆ. ಉಸಿರು ಬಿಡುವಾಗ ಏನು ಮಾಡಬೇಕೆಂದು ಕಲಿಸಿದೆ. ಎಳೆದುಕೊಳ್ಳುವಾಗ ಏನು ಮಾಡಲಿ, ಅಕ್ಕಾ? ಆಗ ನಾನು ಅವರಿಗೆ ಕೇಳಿಸುವುದಿಲ್ಲ.